ವಸ್ತು ಸಂಖ್ಯೆ ೪೧೨ ತಿಂದದ್ದೇನು?

ನಮ್ಮ ಬಸ್ ಡಿಪೋದ ಹಿಂಭಾಗದಲ್ಲಿ, ಹಳೆ ಟೈರುಗಳ ಗುಡ್ಡೆ ದಾಟಿದ ಮೇಲೆ, ಹಸಿರು ಬಾಗಿಲಿನ ಒಂದು ಕೊಠಡಿ ಇದೆ. ಜನ ಬಸ್ಸಿನಲ್ಲಿ ಮರೆತು ಇಳಿದದ್ದೆಲ್ಲ ಸಂಜೆ ಹೊತ್ತಿಗೆ ಅಲ್ಲಿಗೆ ಬಂದು ಸೇರುತ್ತದೆ. ಅಲ್ಲಿರುವ ಕೊಡೆಗಳನ್ನೆಲ್ಲ ಒಮ್ಮೆಲೇ ಬಿಚ್ಚಿ ಹಿಡಿದರೆ ಊರಿಗೆ ಎರಡು ದಿನ ಬಿಸಿಲು ಬೀಳಲಿಕ್ಕಿಲ್ಲ. ಕನ್ನಡಕಗಳು ಒಂದು ಡಬ್ಬ. ಒಂಟಿ ಚಪ್ಪಲಿಗಳು ಒಂದು ಮೂಟೆ. ಅವುಗಳ ಒಡೆಯರು ಮನೆಗೆ ಕುಂಟುತ್ತ ಹೋದರೋ ಕುಣಿಯುತ್ತ ಹೋದರೋ ದೇವರೇ ಬಲ್ಲ. ಒಮ್ಮೆ ಒಂದು ಹಲ್ಲುಸೆಟ್ಟು ಕೂಡ ಬಂದಿತ್ತು. ಅದರ ಯಜಮಾನರು ಮರುದಿನ ಬಂದು ಕೇಳಿದ್ದು ಏನೆಂದು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದಲೇ ಅವರಿಗೆ ಬೇಕಾದ್ದು ಏನೆಂದು ಸಿಕ್ಕಮ್ಮನಿಗೆ ಅರ್ಥವಾಯಿತು.

ಸಿಕ್ಕಮ್ಮ ಆ ಕೊಠಡಿಯ ಗುಮಾಸ್ತೆ. ಫೋನೆತ್ತಿದರೆ ಅವಳ ಬಾಯಿಂದ ಬರುವ ಮೊದಲ ಮಾತು "ಸಿಕ್ಕಿದೆ, ಬನ್ನಿ" ಎಂದು. ಹಾಗಾಗಿ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತಂತೆ. ಅದನ್ನು ಅವಳೂ ಎಲ್ಲೋ ಬಸ್ಸಿನಲ್ಲಿ ಬಿಟ್ಟಿರಬೇಕು. ನಾನು ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತನಾದವನು. ಮನೆಯಲ್ಲಿ ಕುಳಿತರೆ ಸೊಸೆ ಬಟಾಣಿ ಬಿಡಿಸಲು ಕೊಡುತ್ತಾಳೆ, ಆದ್ದರಿಂದ ದಿನಾ ಬೆಳಿಗ್ಗೆ ಸಿಕ್ಕಮ್ಮನ ಬೆಂಚಿಗೆ ಬಂದು ಕೂರುತ್ತೇನೆ. ಅವಳು ನನ್ನನ್ನು ದೊಡ್ಡಪ್ಪ ಎನ್ನುತ್ತಾಳೆ. ಒಮ್ಮೆ ಯಾರೋ "ಈ ಮುದುಕರು ಯಾರು?" ಎಂದು ಕೇಳಿದ್ದಕ್ಕೆ, "ಆರು ವರ್ಷದಿಂದ ಇದ್ದಾರೆ, ಯಾರೂ ಕೇಳ್ಕೊಂಡು ಬಂದಿಲ್ಲ" ಎಂದಿದ್ದಳು.

ಅವಳ ಕೆಲಸದ ರೀತಿಯೇ ಬೇರೆ. ಬೇರೆಯವರು ಚೀಲ ಬಿಚ್ಚಿ ಒಳಗೆ ಹೆಸರು ಹುಡುಕುತ್ತಾರೆ. ಅವಳು ಮೊದಲು ಮೂಸುತ್ತಾಳೆ. ಒಂದು ಸಲ ಕಪ್ಪು ಚೀಲವೊಂದು ಬಂತು. ಹೆಸರಿಲ್ಲ, ವಿಳಾಸವಿಲ್ಲ, ಮೂರು ಪೆನ್ಸಿಲು ಮಾತ್ರ. ಸಿಕ್ಕಮ್ಮ ಮೂಸಿದಳು, ಪೆನ್ಸಿಲುಗಳನ್ನು ಬೆಳಕಿಗೆ ಹಿಡಿದಳು. "ಬೋರ್ಡು ಬರೆಯೋ ಪೇಂಟರು. ಚಾಕುವಲ್ಲಿ ಹೆರೆದಿದ್ದಾರೆ, ಓರೆ ನೋಡಿದ್ರೆ ಎಡಗೈಯವರು" ಎಂದಳು. ಮೂರನೆಯ ದಿನ ಎಡಗೈಯ ಪೇಂಟರೇ ಬಂದು ಸಹಿ ಹಾಕಿ ಚೀಲ ಒಯ್ದರು. ಆಮೇಲೆ ಅವರಿಗೆ ಮದುವೆ ಯಾವಾಗ ಎಂದೂ ಹೇಳಿದಳು ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅಷ್ಟು ಮಾತ್ರ ನನ್ನ ಸ್ವಂತ ಕೈಗಾರಿಕೆ.

ಹೀಗೆ ಊರಿನ ಕನ್ನಡಕಗಳನ್ನೆಲ್ಲ ಹುಡುಕಿಕೊಡುವ ಇವಳಿಗೆ ಮನೆಯಲ್ಲಿ ಅತ್ತೆಯ ಕನ್ನಡಕ ಮಾತ್ರ ಸಿಗುವುದಿಲ್ಲ. ಮನೆಯೆಲ್ಲ ತಲೆಕೆಳಗು ಮಾಡುತ್ತಾಳೆ. ಕನ್ನಡಕ ಅತ್ತೆಯ ನೆತ್ತಿಯ ಮೇಲಿರುತ್ತದೆ. ದೀಪದ ಬುಡದಲ್ಲೇ ಕತ್ತಲೆ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಕೊಠಡಿಯ ಗೋಡೆಗೆ ಮೂರು ನಿಯಮಗಳ ಹಲಗೆ ತೂಗುಹಾಕಿದೆ. ಬಂದ ವಸ್ತುವನ್ನು ಅಂದೇ ಬರೆದುಕೊಳ್ಳತಕ್ಕದ್ದು ಎನ್ನುವುದು ಒಂದನೆಯದು. ಸಿಕ್ಕ ಸ್ಥಿತಿಯಲ್ಲೇ ಹಿಂತಿರುಗಿಸತಕ್ಕದ್ದು, ಏನನ್ನೂ ಸೇರಿಸಬಾರದು, ಏನನ್ನೂ ತೆಗೆಯಬಾರದು ಎನ್ನುವುದು ಎರಡನೆಯದು. ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಮ್ಮ ಒಂದು ಕರ್ಚೀಫನ್ನೂ ಮಡಿಕೆ ಬದಲಿಸಿ ಕೊಟ್ಟವಳಲ್ಲ. ಮೂರನೆಯ ನಿಯಮ, ಕೆಡುವ ಪದಾರ್ಥಗಳನ್ನು ರಾತ್ರಿ ಇಡಬಾರದು. ನಾನು ಹೇಳಹೊರಟಿರುವ ಎಡವಟ್ಟೆಲ್ಲ ಈ ಮೂರನೆಯದರಿಂದ ಹುಟ್ಟಿದ್ದು.

ಬಸ್ಸಿನಲ್ಲಿ ಜನ ಹೆಚ್ಚಾಗಿ ಮರೆಯುವುದು ಕೊಡೆ. ಎರಡನೆಯದು ಊಟದ ಡಬ್ಬಿ. ದಿನಕ್ಕೆ ಏಳೆಂಟು ಡಬ್ಬಿ ಬರುತ್ತವೆ. ಸಂಜೆಯವರೆಗೆ ಯಾರೂ ಬಾರದಿದ್ದರೆ ಒಳಗಿನದನ್ನು ಎಸೆದು, ಡಬ್ಬಿ ತೊಳೆದು ಇಡಬೇಕು. ಎಸೆದ ಊಟಕ್ಕೆ ಇಲಿ ಬಂದವು. ಊಟ ಮುಗಿಸಿದ ಇಲಿಗಳು ಕೈ ಒರೆಸಿಕೊಳ್ಳಲು ಜನರ ಚೀಲಗಳನ್ನು ಕಡಿದವು. ಒಂದೊಂದು ಇಲಿ ನನ್ನ ಮೊಣಕಾಲೆತ್ತರ ಇತ್ತು. ಎರಡು ಇಲಿ ಸೇರಿ ಸೂಟ್‌ಕೇಸು ಹೊತ್ತು ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ, ಕನ್ನಡಕ ಹಾಕಿರಲಿಲ್ಲ ಅನ್ನುವುದು ಬೇರೆ ಮಾತು.

ಆ ದಿನಗಳಲ್ಲೇ ಒಂಬತ್ತನೇ ನಂಬರಿನ ಬಸ್ಸಿನ ಕೊನೆಯ ಸೀಟಿನಲ್ಲಿ ಮುಚ್ಚಳದ ಬೆತ್ತದ ಬುಟ್ಟಿಯೊಂದು ಸಿಕ್ಕಿತು. ಕಂಡಕ್ಟರು ಅದನ್ನು ತಂದು ಮೇಜಿನ ಮೇಲಿಟ್ಟರು. ಬುಟ್ಟಿ ತಾನಾಗಿ ಎರಡಂಗುಲ ಸರಿಯಿತು. ಕಂಡಕ್ಟರು ನಾಲ್ಕು ಅಡಿ ಸರಿದರು. ಸಿಕ್ಕಮ್ಮ ಮುಚ್ಚಳ ತೆಗೆದು ನೋಡಿ, ಶಾಂತವಾಗಿ ಪೆನ್ನು ತೆಗೆದುಕೊಂಡು ಬರೆದಳು:

"ವಸ್ತು ಸಂಖ್ಯೆ ೪೧೨. ಬುಟ್ಟಿ, ಬೆತ್ತದ್ದು, ಒಂದು. ಒಳಗೆ: ಬೆಕ್ಕು, ಬೂದು ಬಣ್ಣದ್ದು, ಒಂದು. ಸ್ಥಿತಿ: ಕೋಪದಲ್ಲಿದೆ."

ಕರೆಯಲು ನಾನೂರ ಹನ್ನೆರಡು ಉದ್ದವಾಯಿತೆಂದು ಹೆಸರು ಹನ್ನೆರಡು ಎಂದು ನಿಂತಿತು. ಬುಟ್ಟಿ ಕೇಳಿಕೊಂಡು ಯಾರೂ ಬರಲಿಲ್ಲ. ಒಂದು ವರ್ಷ ಕಾಯಬೇಕು ಎನ್ನುವುದು ಕ್ರಮ. ಕಾಯುವ ಕೆಲಸ ಹನ್ನೆರಡಕ್ಕೆ ಒಗ್ಗಿತು. ವಾರದೊಳಗೆ ಇಲಿಗಳೆಲ್ಲ ಸಾಲಾಗಿ ನಿಂತು ಬಸ್ ಹತ್ತಿ ಬೇರೆ ಊರಿಗೆ ಹೋದವು. ಮಧ್ಯಾಹ್ನದ ಹೊತ್ತು ಅದು ಎಲ್ಲಕ್ಕಿಂತ ಮೇಲಿನ, ಟೋಪಿಗಳ ಕಪಾಟಿನ ನೆತ್ತಿಯ ಮೇಲೆ ಕುಳಿತು, ಬಂದುಹೋಗುವವರನ್ನು ಮೇಲಧಿಕಾರಿಯಂತೆ ನೋಡುತ್ತಿತ್ತು.

ಈಗ ಡಬ್ಬಿಗಳ ಊಟ ಎಸೆಯುವುದು ಸಿಕ್ಕಮ್ಮನಿಗೆ ಸರಿ ಕಾಣಲಿಲ್ಲ. "ಯಾರೋ ಬೆಳಿಗ್ಗೆ ಎದ್ದು ಮಾಡಿರ್ತಾರೆ, ದೊಡ್ಡಪ್ಪ. ವಾರಸುದಾರರಿಲ್ಲದ ಊಟ, ವಾರಸುದಾರರಿಲ್ಲದ ಬೆಕ್ಕು. ಜೋಡಿ ಆಯ್ತಲ್ಲ" ಎಂದಳು. ಕೇಳಲು ಎಷ್ಟು ನ್ಯಾಯವಾಗಿತ್ತೆಂದರೆ ನಾನೂ ತಲೆ ಆಡಿಸಿದೆ. ಹೀಗೆ ಹನ್ನೆರಡಕ್ಕೆ ಇಡೀ ಊರಿನ ಅಡುಗೆಮನೆಗಳು ತೆರೆದವು. ಒಂದು ದಿನ ಹುರಿದ ಮೀನು, ಮರುದಿನ ಈರುಳ್ಳಿ ಹಾಕಿದ ಆಮ್ಲೆಟ್ಟು, ಇನ್ನೊಂದು ದಿನ ಬೆಳ್ಳುಳ್ಳಿ ಘಮಘಮಿಸುವ ಕೋಳಿ. ಚಾಕೊಲೇಟ್ ಕೇಕು ಬಂದಾಗ ಮಾತ್ರ ಅದು ಮೂಸಿ ನೋಡಿ ಮುಖ ತಿರುಗಿಸಿತು. ಆ ಕೇಕಿಗೆ ವಾರಸುದಾರನಾಗಿ ನಾನಿದ್ದೆ. ಕೊಟ್ಟದ್ದನ್ನೆಲ್ಲ ಸಿಕ್ಕಮ್ಮ ಒಂದನೇ ನಿಯಮದಂತೆ ಅಂದಂದೇ ಬರೆದಿಡುತ್ತಿದ್ದಳು: ಡಬ್ಬಿ ಇಂಥದ್ದು, ಒಳಗಿದ್ದದ್ದು ಇಂಥದ್ದು, ವಿಲೇವಾರಿ: ಹನ್ನೆರಡು.

ಐದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಸಿಕ್ಕಮ್ಮ ಟೋಪಿ ಕಪಾಟಿನ ಮುಂದೆ ಸ್ಟೂಲು ಹತ್ತಿ ನಿಂತಿದ್ದಳು.

"ದೊಡ್ಡಪ್ಪ, ಇಲ್ಲಿ ಧೂಳು ನೋಡಿ."

"ಧೂಳು ನೋಡೋಕೆ ಅಷ್ಟು ಎತ್ತರ ಹತ್ತಬೇಕಾ? ಕೆಳಗೇ ಬೇಕಾದಷ್ಟಿದೆ."

"ಧೂಳಿನ ಮೇಲೆ ಹೆಜ್ಜೆ ಇಲ್ಲ. ನಾಲ್ಕು ದಿನದಿಂದ ಹನ್ನೆರಡು ಇಲ್ಲಿಗೆ ಹತ್ತಿಲ್ಲ."

ಹನ್ನೆರಡು ಬುಟ್ಟಿಯಲ್ಲಿ ಮುದುರಿಕೊಂಡಿತ್ತು. ನಾನು ಬೇಕೆಂದೇ ಬಾಲ ಮುಟ್ಟಿದೆ. ಬೇರೆ ದಿನವಾಗಿದ್ದರೆ ಕೈಗೆ ನಾಲ್ಕು ಗೆರೆ ಬೀಳಬೇಕಿತ್ತು, ಅದು ಕಣ್ಣು ಕೂಡ ತೆರೆಯಲಿಲ್ಲ. ಸಿಕ್ಕಮ್ಮ ಅದರ ತುಟಿ ಎತ್ತಿ ನೋಡಿದಳು. ಒಸಡು ಒಗೆದ ಕರ್ಚೀಫಿನಷ್ಟು ಬಿಳಿ. ಉಸಿರು ಮಾತ್ರ ಓಡಿ ಬಂದವರ ಹಾಗೆ ಬೇಗ ಬೇಗ. ಅವಳು ಬಾಗಿಲಿಗೆ 'ಈಗ ಬರುತ್ತೇನೆ' ಎಂಬ ಹಲಗೆ ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ಹಲಗೆಯನ್ನು ಮೊಳೆಗೆ ಹಾಕಿದ್ದು ಅದೇ ಮೊದಲು. ಎಲ್ಲಿಟ್ಟಿದ್ದೆ ಎಂದು ಹುಡುಕಲು ಐದು ನಿಮಿಷ ಬೇಕಾಯಿತು.

ಒಂಬತ್ತನೇ ನಂಬರಿನ ಬಸ್ಸಿನಲ್ಲೇ ಪ್ರಾಣಿ ಡಾಕ್ಟರ ಹತ್ತಿರ ಹೋದೆವು. ಬುಟ್ಟಿ ನನ್ನ ತೊಡೆಯ ಮೇಲಿತ್ತು. "ಮರೆತು ಇಳೀಬೇಡಿ" ಎಂದು ಸಿಕ್ಕಮ್ಮ ದಾರಿಯುದ್ದಕ್ಕೂ ಹನ್ನೊಂದು ಸಲ ಹೇಳಿದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಕೂದಲಿಗೆ ಕ್ಲಿಪ್ಪಿನ ಬದಲು ಪೆನ್ನು ಸಿಕ್ಕಿಸಿಕೊಂಡಿದ್ದರು. ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಹಚ್ಚಿ ನೋಡಿದರು. "ಏನೇನು ತಿನ್ನಿಸ್ತೀರಿ?" ಎಂದರು. ಈ ಪ್ರಶ್ನೆಗೆ ಜನ ಸಾಮಾನ್ಯವಾಗಿ ಆಕಾಶ ನೋಡುತ್ತಾರಂತೆ. ಸಿಕ್ಕಮ್ಮ ಐದು ತಿಂಗಳ ರಿಜಿಸ್ಟರು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಕೂದಲಿನಿಂದ ಪೆನ್ನು ಎಳೆದು ಸುತ್ತು ಹಾಕುತ್ತ ಹೋದರು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಕೂದಲು ಪೂರ್ತಿ ಬಿಚ್ಚಿಹೋಗಿತ್ತು, ಪುಟದಲ್ಲಿ ಸುತ್ತುಗಳು ಮಳೆಹನಿಯಂತೆ ಬಿದ್ದಿದ್ದವು.

"ಈರುಳ್ಳಿ, ಬೆಳ್ಳುಳ್ಳಿ. ಇವೇ ಅಮ್ಮ. ನಮಗೆ ರುಚಿ, ಬೆಕ್ಕಿಗೆ ವಿಷ. ರಕ್ತದ ಕೆಂಪು ಕಣಗಳು ಒಡೆದುಹೋಗ್ತವೆ. ಬೇಯಿಸಿದ್ರೂ ಅಷ್ಟೇ, ಪುಡಿ ಮಾಡಿದ್ರೂ ಅಷ್ಟೇ. ಒಂದೇ ದಿನ ಜಾಸ್ತಿ ಕೊಟ್ರೂ ತೊಂದರೆ, ದಿನಾ ಚೂರು ಚೂರು ಕೊಟ್ರೂ ತೊಂದರೆ."

ನನಗೆ ಸುಮ್ಮನಿರಲಾಗಲಿಲ್ಲ. "ಅಲ್ಲ ಡಾಕ್ಟ್ರೇ, ನಮ್ಮ ಕಾಲದ ಬೆಕ್ಕುಗಳು ಎಲ್ಲಾ ತಿಂತಿದ್ವು. ನಮ್ಮನೇಲಿ ಒಂದು ಇತ್ತು, ಬೀಗದಕೈ ಬಿಟ್ಟು ಎಲ್ಲಾ ತಿಂದಿತ್ತು."

"ಎಷ್ಟು ವರ್ಷ ಬದುಕಿತ್ತು ತಾತ?"

ನಾನು ಲೆಕ್ಕ ಹಾಕಿದೆ. "ಅದು... ಒಂದು ದಿನ ಎಲ್ಲೋ ಹೋಯ್ತು, ಬರಲಿಲ್ಲ."

"ಎಲ್ಲರ ಮನೆ ಬೆಕ್ಕೂ ಹಾಗೇ ಎಲ್ಲೋ ಹೋಗ್ತಿತ್ತು" ಎಂದರು ಡಾಕ್ಟರು. ನಾನು ಆಮೇಲೆ ಬಾಯಿ ತೆರೆದದ್ದು ಬಸ್ಸಿನಲ್ಲಿ.

ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಕಾಫಿ, ಚಹಾ, ಮದ್ಯ, ಉಬ್ಬಲಿಟ್ಟ ಹಸಿ ಬ್ರೆಡ್ಡಿನ ಹಿಟ್ಟು, ಇವೂ ಕೂಡದು ಎಂದು ಡಾಕ್ಟರು ಬರೆದುಕೊಟ್ಟರು. ಇಂಥದ್ದೇನಾದರೂ ತಿಂದದ್ದು ಕಂಡರೆ ಮನೆಮದ್ದು ಮಾಡಿ ವಾಂತಿ ಮಾಡಿಸಲು ಹೋಗದೆ, ಏನು ತಿಂದಿದೆ, ಎಷ್ಟು ತಿಂದಿದೆ ಎಂದು ತಿಳಿದುಕೊಂಡು ತಕ್ಷಣ ಕರೆತರಬೇಕಂತೆ. ಕೊನೆಗೆ ದನಿ ತಗ್ಗಿಸಿ ಹೇಳಿದರು: "ಇವತ್ತಿಗೆ ನಿಲ್ಲಿಸಿದ್ರೆ ಚೇತರಿಸಿಕೊಳ್ಳುತ್ತೆ. ಇನ್ನೂ ಹೊಟ್ಟೆಗೆ ಹೋದ್ರೆ ಉಳಿಸಿಕೊಳ್ಳೋದು ಕಷ್ಟ. ಹತ್ತು ದಿನ ಬಿಟ್ಟು ತನ್ನಿ."

ಅಂದಿನಿಂದ ಡಬ್ಬಿ ಊಟ ಬಂದ್. ಬೆಕ್ಕಿಗೆಂದೇ ಅಂಗಡಿಯಲ್ಲಿ ಸಿಗುವ ಆಹಾರ, ಜೊತೆಗೆ ನೀರು. ಸಿಕ್ಕಮ್ಮ ಡಿಪೋದವರಿಗೆಲ್ಲ ಹೇಳಿ ಬಂದಳು: ಹನ್ನೆರಡಕ್ಕೆ ಯಾರೂ ಈರುಳ್ಳಿ, ಬೆಳ್ಳುಳ್ಳಿ ತಿನ್ನಿಸಬೇಡಿ. ಎಲ್ಲರೂ ಅಯ್ಯೋ ಪಾಪ ಎಂದರು. ಪಕ್ಕದ ಕ್ಯಾಂಟೀನಿನ ಸೂಪುಮಾವ ಅಂತೂ ಕಣ್ಣೊರೆಸಿಕೊಂಡು, "ನನ್ನ ಕೈಯಲ್ಲಿ ಒಂದು ಚೂರು ಈರುಳ್ಳಿ ಅದಕ್ಕೆ ಹೋದ್ರೆ ಈ ಸೌಟು ಮುರಿದುಹಾಕ್ತೀನಿ" ಎಂದು ಪ್ರತಿಜ್ಞೆ ಮಾಡಿದರು.

ಹತ್ತು ದಿನ ಕಳೆದವು. ಬುಟ್ಟಿ ಹಗುರವಾಗಿತ್ತು. ಡಾಕ್ಟರು ಗಾಜು ನೋಡಿ ತುಟಿ ಕಚ್ಚಿದರು. "ಕಡಿಮೆ ಆಗಿಲ್ಲ, ಜಾಸ್ತಿ ಆಗಿದೆ. ಎಲ್ಲಿಂದಲೋ ಈರುಳ್ಳಿ ಹೊಟ್ಟೆಗೆ ಹೋಗ್ತಾ ಇದೆ ಅಮ್ಮ. ಔಷಧಿ ನಾನು ಕೊಡಬಹುದು. ಒಂದು ಕಡೆಯಿಂದ ತುಂಬಿಸ್ತಾ ಇನ್ನೊಂದು ಕಡೆಯಿಂದ ಸೋರಿಸಿದ್ರೆ ಎಷ್ಟು ದಿನ? ಎರಡು ಮೂರು ದಿನದಲ್ಲಿ ಕಂಡುಹಿಡೀರಿ."

ಬರುವಾಗ ಸಿಕ್ಕಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. "ದೊಡ್ಡಪ್ಪ, ಇಷ್ಟು ವರ್ಷ ಈ ವಸ್ತು ಯಾರದು ಅಂತ ಹುಡುಕಿದೆ. ಈಗ ಈ ವಸ್ತುವಿಗೆ ಏನು ಸೇರ್ತಿದೆ ಅಂತ ಹುಡುಕಬೇಕು. ಎರಡನೇ ನಿಯಮ ನಾನೇ ಮುರಿದೆ ಅಲ್ವಾ?" ಅವಳ ದನಿ ಕೇಳಿ ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ದಿನಗಳು ಕಡಿಮೆ.

ಮರುದಿನ ವಿಚಾರಣೆ ಶುರುವಾಯಿತು. ಮೆಕ್ಯಾನಿಕ್ಕು, ಗುಡಿಸುವಾಕೆ, ಕಂಡಕ್ಟರು, ಒಬ್ಬೊಬ್ಬರನ್ನೂ ಕರೆದು ಸಿಕ್ಕಮ್ಮ ಅವರ ಕೈ ಮೂಸಿದಳು. ಮೆಕ್ಯಾನಿಕ್ಕಿನ ಕೈ ಮೂಸಿ ಸೀನಿದಳು. ಗುಡಿಸುವಾಕೆ "ಮದುವೆಗೆ ಹೆಣ್ಣು ನೋಡೋಕೆ ಬಂದವರೂ ಇಷ್ಟು ನೋಡಿರಲಿಲ್ಲ" ಎಂದು ನಕ್ಕಳು. ನನ್ನ ಸರದಿ ಬರುವ ಮೊದಲೇ ನನ್ನ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

"ಜೇಬಲ್ಲೇನಿದೆ ದೊಡ್ಡಪ್ಪ?"

"ಬನ್ನು."

"ಎಂಥ ಬನ್ನು?"

"ಒಣದ್ರಾಕ್ಷೀದು. ಆಣೆ ಮಾಡಿ ಹೇಳ್ತೀನಿ, ಎಲ್ಲಾ ನಾನೇ ತಿನ್ನೋದು! ತುಣುಕು ಕೂಡ ಬೀಳಲ್ಲ."

"ಹಾಗಾದ್ರೆ ಬೆಂಚಿನ ಕೆಳಗೆ ಬಿದ್ದಿರೋ ಈ ಎರಡು ದ್ರಾಕ್ಷಿ ಯಾವ ಬಸ್ಸಲ್ಲಿ ಬಂದ್ವು?" ಎಂದಳು. ನಾನು ಅವುಗಳನ್ನು ಆರಿಸಿ ಬಾಯಿಗೆ ಹಾಕಿಕೊಂಡು ಸಾಕ್ಷ್ಯ ನಾಶ ಮಾಡಿದೆ. ಅಂದಿನಿಂದ ಬನ್ನು ಮನೆಯಲ್ಲೇ. ಆದರೆ ಹುಡುಕುತ್ತಿದ್ದ ಕಳ್ಳ ನಾನಲ್ಲ. ಸಿಕ್ಕಮ್ಮ ಬಗ್ಗಿ ಹನ್ನೆರಡರ ಮೀಸೆಯನ್ನೇ ಮೂಸಿದಳು. ಕಣ್ಣು ಮುಚ್ಚಿ ಮತ್ತೆ ಮೂಸಿದಳು.

"ಈರುಳ್ಳಿ ವಾಸನೆ ಇದೆ. ಮೆಣಸು. ಮತ್ತೆ... ಒದ್ದೆ ಬಟ್ಟೆ."

"ಬಟ್ಟೇನೂ ತಿಂತಾ ಇದು?"

"ಅದೇ ಗೊತ್ತಾಗ್ತಿಲ್ಲ" ಎಂದಳು. ಅವಳ ಕಣ್ಣಿನಲ್ಲಿ ಕಪ್ಪು ಚೀಲ ಬಂದ ದಿನದ ಹೊಳಪು ಇತ್ತು. "ಇನ್ನು ಕೇಳೋದು ಬೇಡ. ಇದರ ಹಿಂದೆ ಹೋಗೋಣ."

ಮರುದಿನ ನಾವಿಬ್ಬರೂ ಕೊಡೆಗಳ ಮೂಟೆಯ ಹಿಂದೆ ಕುಳಿತೆವು. ಹತ್ತು ಗಂಟೆ. ಹತ್ತೂವರೆ. ನನ್ನ ಕಾಲು ಎಷ್ಟು ಜೋಮು ಹಿಡಿಯಿತೆಂದರೆ ಅದು ಬೇರೆಯವರದೆಂದುಕೊಂಡು ಕಳೆದ ವಸ್ತುಗಳ ರಿಜಿಸ್ಟರಿಗೆ ಬರೆಸಬೇಕೆಂದಿದ್ದೆ. ಹನ್ನೊಂದಕ್ಕೆ ಗೋಡೆಯಾಚೆ ಯಾರೋ ಬಟ್ಟಲಿಗೆ ಚಮಚ ತಾಗಿಸಿದ ಸಣ್ಣ ಸದ್ದು: ಟಿಣ್ ಟಿಣ್. ಹನ್ನೆರಡು ಬುಟ್ಟಿಯಿಂದ ಎದ್ದಿತು. ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ, ಹಿಂದಿನ ಕಿಂಡಿ ದಾಟಿ, ಕ್ಯಾಂಟೀನಿನ ಅಡುಗೆಮನೆಯ ಹೊಸ್ತಿಲಿಗೆ ಹೋಯಿತು. ಅಲ್ಲಿ ಸೂಪುಮಾವ ಕುಕ್ಕರುಗಾಲಲ್ಲಿ ಕುಳಿತು, ಮಗುವಿಗೆ ಹೇಳುವಂತೆ ಹೇಳುತ್ತಿದ್ದರು:

"ಬಾ ಕಂದ, ಇನ್ನೊಂದು ಗುಟುಕು. ಮೂಳೆ ಎಲ್ಲಾ ಕಾಣ್ತಾ ಇದೆಯಲ್ಲೋ."

ಸೂಪುಮಾವನ ತಿಳಿ ಸೂಪಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಕೋಳಿ ಮೂಳೆ ಹಾಕಿ ನಾಲ್ಕು ತಾಸು ಕುದಿಸಿ, ಮಲ್ಲು ಬಟ್ಟೆಯಲ್ಲಿ ಮೂರು ಸಲ ಸೋಸುತ್ತಾರೆ. ಅದು ಎಷ್ಟು ತಿಳಿ ಎಂದರೆ, ಬಟ್ಟಲಿನ ಕೆಳಗೆ ಪೇಪರು ಇಟ್ಟು ಸೂಪಿನೊಳಗಿಂದ ಸುದ್ದಿ ಓದಬಹುದು. ಕನ್ನಡಕಕ್ಕಿಂತ ಚೆನ್ನಾಗಿ ಕಾಣುತ್ತದೆ.

"ಮಾವ!" ಎಂದಳು ಸಿಕ್ಕಮ್ಮ.

ಸೂಪುಮಾವ ಬೆಚ್ಚಿಬಿದ್ದರೂ ಬಟ್ಟಲು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂಬ ಮುಖ. "ಏನಮ್ಮ, ನೀನು ಊಟ ನಿಲ್ಲಿಸಿಬಿಟ್ಟೆ, ಪಾಪ ಒಣಗಿಹೋಯ್ತು. ಕಾಯಿಲೆಯವರಿಗೆ ಕೊಡೋದೇ ಸೂಪು. ಬರೀ ತಿಳಿ. ಮೊದಲು ಒಂದು ಬಟ್ಟಲು ಕೊಡ್ತಿದ್ದೆ, ಇನ್ನೂ ಸೊರಗ್ತಿದೆ ಅಂತ ಈಗ ಎರಡು ಮಾಡಿದ್ದೀನಿ."

"ಸೂಪಿಗೆ ಈರುಳ್ಳಿ ಹಾಕ್ತೀರಾ?"

"ಹಾಕದೆ? ಒಂದು ಹಂಡೆಗೆ ಎರಡು ಕೆಜಿ. ಆದ್ರೆ ಸೋಸ್ತೀನಲ್ಲ! ಬೇಕಾದ್ರೆ ನೋಡು, ಒಂದು ಚೂರು ತೋರಿಸು ನೋಡೋಣ. ನಿಂಗೆ ಮಾತು ಕೊಟ್ಟಿದ್ದೀನಿ, ಹಾಗೆಲ್ಲ ಮಾಡ್ತೀನಾ?"

ನಾನು ಬಟ್ಟಲಿಗೆ ಬಗ್ಗಿ ನೋಡಿದೆ. ಹೌದು, ಒಂದು ಚೂರೂ ಇಲ್ಲ. ಹಗ್ಗದ ಮೇಲೆ ಮಲ್ಲು ಬಟ್ಟೆ ಒದ್ದೆಯಾಗಿ ತೂಗುತ್ತಿತ್ತು. ಸಿಕ್ಕಮ್ಮ ಅದನ್ನೂ ನೋಡಿದಳು, ಸೂಪನ್ನೂ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಮಾವ, ಚಹಾ ಮಾಡ್ತೀರಲ್ಲ. ಪುಡಿ ಸೋಸಿ ಎಸೀತೀರಿ. ಲೋಟದಲ್ಲಿ ಉಳಿಯೋದು ಏನು?"

"ಚಹಾ" ಎಂದರು ಸೂಪುಮಾವ.

"ಪುಡಿ ಒಂದು ಚೂರೂ ಇಲ್ವಲ್ಲ?"

ಸೂಪುಮಾವ ಮೆಲ್ಲಗೆ ಆಲೂಗಡ್ಡೆ ಮೂಟೆಯ ಮೇಲೆ ಕುಳಿತರು. "ಅಂದ್ರೆ... ಅದು ಸೊರಗಿದಷ್ಟೂ ನಾನು..." ಎಂದು ಬಟ್ಟಲನ್ನು ಬೆಕ್ಕಿನ ಮುಂದಿನಿಂದ ಎಳೆದುಕೊಂಡರು.

"ನಾನು ಐದು ತಿಂಗಳು ಕೊಟ್ಟೆ ಮಾವ, ನೀವು ಹತ್ತು ದಿನ" ಎಂದಳು ಸಿಕ್ಕಮ್ಮ. "ಏಳಿ, ಡಾಕ್ಟ್ರಿಗೆ ಫೋನು ಮಾಡೋಣ."

ನಾಲ್ಕು ದಿನ ಹನ್ನೆರಡು ಡಾಕ್ಟರ ಹತ್ತಿರವೇ ಉಳಿಯಿತು, ಕಾಲಿಗೆ ಸೂಜಿ ಚುಚ್ಚಿಸಿಕೊಂಡು. ಮೊದಲ ಎರಡು ದಿನ ಡಾಕ್ಟರು "ನೋಡೋಣ" ಎಂದಷ್ಟೇ ಹೇಳಿದರು. ಆ ಎರಡು ದಿನ ಡಿಪೋದಲ್ಲಿ ಸೂಪಿಗೆ ಉಪ್ಪಿರಲಿಲ್ಲ, ಯಾರೂ ದೂರಲಿಲ್ಲ. ಸಿಕ್ಕಮ್ಮ ಫೋನೆತ್ತಿ "ಸಿಕ್ಕಿದೆ" ಎನ್ನುವ ಬದಲು "ಹೇಗಿದೆ?" ಎನ್ನುತ್ತಿದ್ದಳು, ಕೊಡೆ ಕೇಳಲು ಫೋನು ಮಾಡಿದವರೊಬ್ಬರು "ಚೆನ್ನಾಗಿದ್ದೀನಿ, ನೀವು ಹೇಗಿದ್ದೀರಿ?" ಎಂದು ಹದಿನೈದು ನಿಮಿಷ ಮಾತಾಡಿದರು. ಮೂರನೆಯ ದಿನ ಡಾಕ್ಟರು, "ಇವತ್ತು ತಾನಾಗಿ ತಿಂತು" ಎಂದರು.

ಐದನೆಯ ದಿನ ಬುಟ್ಟಿ ಹಿಂತಿರುಗಿತು. ಸೂಪುಮಾವ ಒಂದು ಹೊಸ ಪುಟ್ಟ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಒಳಗೆ ನೀರಲ್ಲಿ ಬೇಯಿಸಿದ ಕೋಳಿ, ಮೂಳೆ ತೆಗೆದದ್ದು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಉಪ್ಪು ಕೂಡ ಇಲ್ಲ. ಡಾಕ್ಟರಿಗೆ ಮೂರು ಸಲ ಫೋನು ಮಾಡಿ ಕೇಳಿಕೊಂಡದ್ದು.

"ರುಚಿ ನೋಡಿದ್ರಾ ಮಾವ?" ಎಂದೆ.

"ನೋಡಿದೆ. ಇದನ್ನ ಅಡುಗೆ ಅಂತ ಕರೆದ್ರೆ ನಂಗೆ ಕೆಲಸ ಕಲಿಸಿದೋರು ಎದ್ದು ಬಂದು ಬಾರಿಸ್ತಾರೆ" ಎಂದರು. ಹನ್ನೆರಡು ಮಾತ್ರ ಪಾತ್ರೆಯ ತಳ ಹೊಳೆಯುವವರೆಗೆ ನೆಕ್ಕಿತು.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಟೋಪಿ ಕಪಾಟಿನ ಧೂಳಿನ ಮೇಲೆ ನಾಲ್ಕು ಹೆಜ್ಜೆ ಕಂಡವು. ಸಿಕ್ಕಮ್ಮ ಅವನ್ನು ಒರೆಸದೆ ಹಾಗೇ ಬಿಟ್ಟಳು. ಆಮೇಲೆ ಕಳೆದ ವಸ್ತುಗಳಿಗೆ ಕಟ್ಟುವ ಹಳದಿ ಚೀಟಿಯೊಂದನ್ನು ತೆಗೆದು ದಪ್ಪ ಅಕ್ಷರದಲ್ಲಿ ಎರಡನೆಯ ನಿಯಮ ಬರೆದಳು: 'ಏನನ್ನೂ ಸೇರಿಸಬಾರದು.' ಅದರ ಕೆಳಗೆ ಸಣ್ಣದಾಗಿ, 'ಸೋಸಿದ್ದನ್ನೂ.'

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು?" ಎಂದು ನಾನು ಕೇಳಿದೆ. ಇಂಥ ಅವಕಾಶ ಎಪ್ಪತ್ತು ವರ್ಷಕ್ಕೊಮ್ಮೆ ಸಿಗುವುದು, ಬಿಡಲಾದೀತೇ?

"ನಾನೇ ಕಟ್ತೀನಿ, ತಪ್ಪು ನಂದು" ಎಂದು ಸೂಪುಮಾವ ಮುಂದೆ ಬಂದರು. ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿಗೆ ಚೀಟಿ ಸಿಕ್ಕಿಸಿ, ಕತ್ತಿನ ಸುತ್ತ ಹಾಕಿ, ಕೊಂಡಿ ಒತ್ತಿದ್ದೇ ತಡ, ಹನ್ನೆರಡು ಕೆಂಡಾಮಂಡಲವಾಯಿತು. ಸೂಪುಮಾವನ ಮೊಣಕೈಗೆ ನಾಲ್ಕು ಗೆರೆ, ಸುಮ್ಮನೆ ನೋಡುತ್ತಿದ್ದ ನನ್ನ ಮೂಗಿಗೆ ಎರಡು. ಅಲ್ಲಿಂದ ಮೇಜು, ಮೇಜಿನಿಂದ ಸೂಟ್‌ಕೇಸು, ಸೂಟ್‌ಕೇಸಿನಿಂದ ಕಪಾಟಿನ ನೆತ್ತಿ. ಮೇಲೆ ನಿಂತು ಬಾಯಿ ಅಗಲಿಸಿ ಹುಸ್ಸೆಂದಿತು. ಒಸಡು ಗುಲಾಬಿ ಬಣ್ಣಕ್ಕಿತ್ತು.

ನಾನು ಮೂಗು ಹಿಡಿದುಕೊಂಡು ಕಿರುಚುತ್ತಿದ್ದೆ. ಸಿಕ್ಕಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ರಿಜಿಸ್ಟರು ತೆರೆದು, ನಾನೂರ ಹನ್ನೆರಡನೆಯ ಸಾಲು ಹುಡುಕಿ, ಆ ದಿನದ ತಾರೀಖು ಹಾಕಿ ಬರೆದಳು:

"ಪರಿಶೀಲಿಸಲಾಯಿತು. ಸ್ಥಿತಿ: ಕೋಪದಲ್ಲಿದೆ."